ಮಧುಮೇಹದ ಮೂರ್ಛೆ ಮತ್ತು ಅದರ ನಿಮಿತ್ತಗಳು: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ರೋಗವೊಂದರ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಎರಡು ದಾರಿಗಳನ್ನು ಅನುಸರಿಸಿದ್ದಾರೆ. ಮೊದಲನೆಯದು ರೋಗದ ಸ್ವರೂಪವನ್ನು ಅರಿತವರ ಚರಿತ್ರೆ. ಎರಡನೆಯದು ಅದಕ್ಕೆ ಔಷಧವನ್ನು ಕಂಡುಹಿಡಿದವರ ಚರಿತ್ರೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ರೋಗಿಯು ಆಸ್ಪತ್ರೆಯ ಬಾಗಿಲಿಗೆ ಯಾವ ಸ್ಥಿತಿಯಲ್ಲಿ ಬಂದನು, ಅದಕ್ಕೆ ಹಿಂದಿನ ನಾಲ್ಕಾರು ದಿನಗಳಲ್ಲಿ ಅವನ ಮನೆಯಲ್ಲಿ ನಡೆದುದೇನು ಎಂದು ವಿಚಾರಿಸುವ ದಾರಿ ಅದು. ಮಧುಮೇಹದ ತೀವ್ರ ತೊಡಕಾದ ಕೀಟೋಅಸಿಡೋಸಿಸ್ ಈ ಬಗೆಯ ವಿಚಾರಣೆಗೆ ವಿಶೇಷವಾಗಿ ತಕ್ಕುದಾಗಿದೆ.

ಶರೀರದಲ್ಲಿ ಇನ್ಸುಲಿನ್ ತೀರ ಕಡಿಮೆಯಾದಾಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಆಗ ಸಂಚಿತವಾದ ಕೊಬ್ಬು ಕರಗತೊಡಗುತ್ತದೆ. ಯಕೃತ್ತು ಆ ಕೊಬ್ಬಿನಿಂದ ಕೀಟೋನ್ ಆಮ್ಲಗಳನ್ನು ತಯಾರಿಸುತ್ತದೆ. ಇವು ಮಿತಿಮೀರಿದಾಗ ರಕ್ತವು ಆಮ್ಲತೆಯ ಕಡೆಗೆ ವಾಲುತ್ತದೆ. ಮೂತ್ರದ ಮೂಲಕ ನೀರು ಮತ್ತು ಲವಣಗಳು ನಷ್ಟವಾಗುತ್ತವೆ. ವಾಂತಿ, ಹೊಟ್ಟೆನೋವು, ಆಳವಾದ ಉಸಿರಾಟ, ಉಸಿರಿನಲ್ಲಿ ಕೊಳೆತ ಹಣ್ಣಿನಂತಹ ವಾಸನೆ, ಮಂಪರು, ಕೊನೆಗೆ ಮೂರ್ಛೆ ಇವು ಕ್ರಮವಾಗಿ ತೋರುವ ಲಕ್ಷಣಗಳು. ಹಿಂದಿನ ವೈದ್ಯರು ಕೊನೆಯ ಹಂತವನ್ನೇ ಹೆಚ್ಚಾಗಿ ಕಂಡುದರಿಂದ ಇದನ್ನು ಮಧುಮೇಹದ ಮೂರ್ಛೆ ಎಂದು ಕರೆದರು. ಇಂದು ಆಸ್ಪತ್ರೆಗೆ ಸೇರುವವರಲ್ಲಿ ಬಹುಪಾಲು ಜನ ಎಚ್ಚರವಾಗಿಯೇ ಇರುತ್ತಾರೆ.

ಈ ಸ್ಥಿತಿಗೆ ಚಿಕಿತ್ಸೆ ದೊರೆತು ಒಂದು ಶತಮಾನ ಕಳೆದಿದೆ. ಆದರೂ ಇದರಿಂದಾಗಿ ಆಸ್ಪತ್ರೆಗೆ ಸೇರುವವರ ಸಂಖ್ಯೆ ಆ ಪ್ರಮಾಣದಲ್ಲಿ ಇಳಿದಿಲ್ಲ. ಹಾಸಿಗೆಯ ಬಳಿ ನಡೆಯುವ ಚಿಕಿತ್ಸೆಯ ಚರಿತ್ರೆಯೂ ರೋಗಿಯನ್ನು ಹಾಸಿಗೆಗೆ ತರುವ ನಿಮಿತ್ತಗಳ ಚರಿತ್ರೆಯೂ ಬೇರೆ ಬೇರೆ ಗತಿಯಲ್ಲಿ ಸಾಗಿವೆ. ಈ ಅಂತರದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನರ ಗ್ರಹಿಕೆ

ಭಾರತೀಯ ವೈದ್ಯಪರಂಪರೆಯಲ್ಲಿ ಚರಕ ಮತ್ತು ಸುಶ್ರುತ ಸಂಹಿತೆಗಳು ಪ್ರಮೇಹವನ್ನು ವಿಸ್ತಾರವಾಗಿ ವರ್ಣಿಸಿ, ಮಧುಮೇಹವನ್ನು ಅದರ ಪ್ರಭೇದವೆಂದು ಎಣಿಸಿವೆ. ಮೂತ್ರವು ಜೇನಿನಂತೆ ಸಿಹಿಯಾಗಿದ್ದು ಅದಕ್ಕೆ ಇರುವೆಗಳು ಮುತ್ತುವುದನ್ನು ಪ್ರಾಚೀನರು ಗಮನಿಸಿದ್ದರು. ಕನ್ನಡದಲ್ಲಿ ರೂಢಿಗೆ ಬಂದ ಸಿಹಿಮೂತ್ರ ರೋಗ, ಸಕ್ಕರೆ ಕಾಯಿಲೆ ಎಂಬ ಹೆಸರುಗಳಲ್ಲಿಯೂ ಇದೇ ಲಕ್ಷಣ ಉಳಿದುಬಂದಿದೆ. ಸುಶ್ರುತ ಸಂಹಿತೆಯು ಪ್ರಮೇಹವನ್ನು ಸಹಜ ಮತ್ತು ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸುತ್ತದೆ. ಹುಟ್ಟಿನಿಂದ ಬಂದ ರೋಗವುಳ್ಳವನು ಕೃಶನಾಗಿಯೂ ಅಪಥ್ಯದಿಂದ ರೋಗಕ್ಕೆ ತುತ್ತಾದವನು ಸ್ಥೂಲನಾಗಿಯೂ ಇರುತ್ತಾನೆಂಬ ಅದರ ನಿರೂಪಣೆ ಗಮನಾರ್ಹವಾದುದು. ಆಧುನಿಕ ವೈದ್ಯದ ಒಂದನೆಯ ಮತ್ತು ಎರಡನೆಯ ವಿಧದ ಮಧುಮೇಹಗಳಿಗೆ ಇದನ್ನು ನೇರವಾಗಿ ಸಮೀಕರಿಸುವುದು ಸಾಧುವಲ್ಲ. ಆದರೆ ಕೃಶರೋಗಿ ಮತ್ತು ಸ್ಥೂಲರೋಗಿಗಳ ಗತಿ ಬೇರೆಯೆಂಬ ಅವಲೋಕನವು ಅಲ್ಲಿ ಸ್ಪಷ್ಟವಾಗಿದೆ. ರೋಗಕ್ಕೆ ‘ನಿಮಿತ್ತ’ವನ್ನು ಹುಡುಕಬೇಕೆಂಬ ನಿಲುವೂ ಅಷ್ಟೇ ಸ್ಪಷ್ಟವಾಗಿದೆ.

ಕ್ರಿ.ಶ. ಎರಡನೆಯ ಶತಮಾನದ ಸುಮಾರಿನಲ್ಲಿ ಕಪಡೋಸಿಯದ ಗ್ರೀಕ್ ವೈದ್ಯ ಅರೆಟಿಯಸ್ ಈ ರೋಗದಲ್ಲಿ ಮಾಂಸವೂ ಅವಯವಗಳೂ ಕರಗಿ ಮೂತ್ರವಾಗಿ ಹರಿದುಹೋಗುತ್ತವೆ ಎಂಬ ಅರ್ಥದಲ್ಲಿ ವರ್ಣಿಸಿದರು. ರೋಗವು ಒಮ್ಮೆ ಪೂರ್ಣವಾಗಿ ನೆಲೆಗೊಂಡ ಮೇಲೆ ಬದುಕು ಅಲ್ಪಕಾಲದ್ದೆಂಬುದೂ ಅವರ ಅನುಭವವಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಮೂತ್ರದ ಸಿಹಿಯನ್ನು ಯುರೋಪಿನ ವೈದ್ಯರ ಗಮನಕ್ಕೆ ತಂದರು. 1776ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿಗೆ ಸಕ್ಕರೆಯೇ ಕಾರಣವೆಂದು ತೋರಿಸಿ, ರಕ್ತದ ದ್ರವಭಾಗದಲ್ಲಿಯೂ ಸಿಹಿಯಿರುವುದನ್ನು ದಾಖಲಿಸಿದರು. ಇಷ್ಟಾದರೂ ರೋಗಿಯ ಅಂತ್ಯವು ಯಾವ ರೀತಿಯಲ್ಲಿ ಸಂಭವಿಸುತ್ತದೆಂಬುದು ಅಸ್ಪಷ್ಟವಾಗಿಯೇ ಉಳಿದಿತ್ತು.

ಮೂರ್ಛೆಯ ಸ್ವರೂಪ ನಿರ್ಣಯ

ಈ ಅಸ್ಪಷ್ಟತೆಯನ್ನು ಹೋಗಲಾಡಿಸಿದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯ ಯುರೋಪಿನ ಆಸ್ಪತ್ರೆಗಳು ಮತ್ತು ಪ್ರಯೋಗಶಾಲೆಗಳು. 1857ರಲ್ಲಿ ಪ್ರಾಗ್ ನಗರದ ವಿಲ್ಹೆಲ್ಮ್ ಪೆಟ್ಟರ್ಸ್ ಮಧುಮೇಹದಿಂದ ಮೂರ್ಛೆಹೋದ ರೋಗಿಯ ಮೂತ್ರದಲ್ಲಿ ಅಸಿಟೋನನ್ನು ಹೋಲುವ ವಸ್ತುವನ್ನು ಗುರುತಿಸಿದರು. 1865ರಲ್ಲಿ ಗೆರ್‌ಹಾರ್ಟ್ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಗಾಢ ಕೆಂಪು ಬಣ್ಣ ಬರುವ ಪರೀಕ್ಷೆಯನ್ನು ವಿವರಿಸಿದರು. ಅಪಾಯವನ್ನು ಮುಂಚಿತವಾಗಿ ತಿಳಿಯುವ ಸಾಧನವೊಂದು ವಾರ್ಡಿನ ವೈದ್ಯನ ಕೈಗೆ ಬಂದಂತಾಯಿತು.

1874ರಲ್ಲಿ ಅಡಾಲ್ಫ್ ಕುಸ್‌ಮೌಲ್ ಮೂವರು ರೋಗಿಗಳ ಅಂತ್ಯಕಾಲದ ಉಸಿರಾಟವನ್ನು ವರ್ಣಿಸಿದರು. ವಾಯುಮಾರ್ಗದಲ್ಲಿ ಯಾವ ಅಡ್ಡಿಯೂ ಇಲ್ಲದೆ ಗಾಳಿ ಧಾರಾಳವಾಗಿ ಒಳಹೊರಗೆ ಆಡುತ್ತಿದ್ದರೂ ರೋಗಿ ಗಾಳಿಗಾಗಿ ಹಪಹಪಿಸುವ ಈ ಆಳವಾದ ಉಸಿರಾಟವು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದರ ಕಾರಣ ರಕ್ತದ ಆಮ್ಲತೆ. 1883ರಲ್ಲಿ ಸ್ಟಾಡೆಲ್ಮನ್ ಇಂತಹ ರೋಗಿಗಳ ಮೂತ್ರದಲ್ಲಿ ಹೊಸ ಆಮ್ಲವೊಂದನ್ನು ಕಂಡರು. ಮರುವರ್ಷ ಆಸ್ಕರ್ ಮಿನ್ಕೋವ್‌ಸ್ಕಿ ಮತ್ತು ಎಡ್ವರ್ಡ್ ಕ್ಯೂಲ್ಸ್ ಪ್ರತ್ಯೇಕವಾಗಿ ಅದನ್ನು ಬೀಟಾ ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲವೆಂದು ಗುರುತಿಸಿದರು. ಈ ಆಮ್ಲೀಯ ಸ್ಥಿತಿಗೆ ‘ಅಸಿಡೋಸಿಸ್’ ಎಂಬ ಹೆಸರು ಬಂದದ್ದು ಮಿನ್ಕೋವ್‌ಸ್ಕಿಯವರ ಗುರು ಬೆರ್ನ್‌ಹಾರ್ಡ್ ನೌನಿನ್ ಅವರಿಂದ. 1889ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಮಿನ್ಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ತೀವ್ರ ಮಧುಮೇಹ ಉಂಟಾದುದರಿಂದ ರೋಗದ ಮೂಲಸ್ಥಾನವೂ ಗೊತ್ತಾಯಿತು.

ಆಮ್ಲವೇ ಶತ್ರುವೆಂದು ಬಗೆದ ವೈದ್ಯರು ಸೋಡಿಯಂ ಬೈಕಾರ್ಬನೇಟನ್ನು ಧಾರಾಳವಾಗಿ ಕೊಟ್ಟು ನೋಡಿದರು. ಕೆಲವು ಗಂಟೆಗಳ ಚೇತರಿಕೆ ಕಂಡರೂ ರೋಗಿಗಳು ಉಳಿಯುತ್ತಿರಲಿಲ್ಲ. ರೋಗದ ಸ್ವರೂಪವನ್ನು ಬಹುಮಟ್ಟಿಗೆ ಅರಿತಿದ್ದರೂ ಅದನ್ನು ತಡೆಯಲಾಗದ ಸ್ಥಿತಿ ಸುಮಾರು ನಾಲ್ಕು ದಶಕಗಳ ಕಾಲ ಮುಂದುವರಿಯಿತು.

ಇನ್ಸುಲಿನ್ ಪೂರ್ವದ ನಿಮಿತ್ತಗಳು

ಈ ನಾಲ್ಕು ದಶಕಗಳಲ್ಲಿ ವೈದ್ಯರು ಮೂರ್ಛೆಗೆ ಮುನ್ನ ಜರುಗಿದ ಘಟನೆಗಳನ್ನು ಎಚ್ಚರದಿಂದ ಗುರುತಿಸತೊಡಗಿದರು. ನೆಗಡಿ, ಪುಪ್ಪುಸದ ಉರಿಯೂತ, ಹುಣ್ಣು, ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ, ದೀರ್ಘ ಪ್ರಯಾಣ, ಅತಿಶ್ರಮ, ಆಹಾರದಲ್ಲಿ ಹಠಾತ್ ಬದಲಾವಣೆ ಇವೆಲ್ಲ ಅವರ ಪಟ್ಟಿಯಲ್ಲಿದ್ದವು. ಆದರೆ ಈ ಪಟ್ಟಿಯಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ. ಎಳೆಯ ವಯಸ್ಸಿನ ರೋಗಿಗೆ ಯಾವ ನಿಮಿತ್ತವೂ ಒದಗದಿದ್ದರೂ ಮೂರ್ಛೆ ಬಂದೇ ಬರುತ್ತಿತ್ತು. ನಿಮಿತ್ತವು ದಿನವನ್ನು ಹಿಂದುಮುಂದು ಮಾಡಬಹುದಾಗಿತ್ತೇ ಹೊರತು ಪರಿಣಾಮವನ್ನು ಬದಲಿಸುತ್ತಿರಲಿಲ್ಲ. ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಅವರ ದಾಖಲೆಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳ ಮಧುಮೇಹಿಗಳ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಮೂರ್ಛೆಯಿಂದಲೇ ಆದವು.

ಆ ಕಾಲದಲ್ಲಿ ಉಳಿದಿದ್ದ ಒಂದೇ ಉಪಾಯವೆಂದರೆ ಉಪವಾಸ. 1914ರ ನಂತರ ನ್ಯೂಯಾರ್ಕಿನ ಫ್ರೆಡರಿಕ್ ಆಲೆನ್ ಪ್ರತಿಪಾದಿಸಿದ ಕಠಿಣ ಮಿತಾಹಾರದಿಂದ ಮಕ್ಕಳು ಕೆಲವು ತಿಂಗಳು, ಕೆಲವೊಮ್ಮೆ ಎರಡು ಮೂರು ವರ್ಷ ಹೆಚ್ಚು ಬದುಕಿದರು. ಮೂರ್ಛೆಯಿಂದ ಪಾರಾದವರು ಹಸಿವಿನಿಂದ ಸೊರಗಿದರು. ಎರಡು ಮರಣಗಳ ನಡುವೆ ಆಯ್ಕೆ ಮಾಡಿಕೊಳ್ಳಬೇಕಾದ ಪರಿಸ್ಥಿತಿ ಅದಾಗಿತ್ತು.

1922 ಮತ್ತು ನಿಮಿತ್ತದ ಹೊಸ ಅರ್ಥ

1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಲಾಯಿತು. ಮೊದಲ ಪ್ರಯತ್ನದ ಫಲ ಅತ್ಯಲ್ಪವಾಗಿತ್ತು. ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ 23ರಿಂದ ಕೊಡತೊಡಗಿದಾಗ ಮೂತ್ರದ ಸಕ್ಕರೆ ಇಳಿಯಿತು, ಕೀಟೋನ್‌ಗಳು ಮಾಯವಾದವು. ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್, ಜಾನ್ ಮ್ಯಾಕ್ಲಿಯಡ್ ಮತ್ತು ಕಾಲಿಪ್ ಅವರ ಈ ಸಾಧನೆ ಸುಪರಿಚಿತವಾದುದು. 1923ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ಸಂದಿತು.

ಈ ಕಥನದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಸಂಗತಿ ಥಾಂಪ್ಸನ್‌ನ ಅಂತ್ಯ. ಇನ್ಸುಲಿನ್ ಆಧಾರದಿಂದ ಹದಿಮೂರು ವರ್ಷ ಬದುಕಿದ ಆತನು 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡನು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯ ವೈದ್ಯ ಆರ್. ಡಿ. ಲಾರೆನ್ಸ್ ಅವರ ಅನುಭವವೂ ಇದೇ ಬಗೆಯದು. ಸ್ವತಃ ಮಧುಮೇಹಿಯಾಗಿದ್ದ ಅವರು ಇಟಲಿಯ ಫ್ಲಾರೆನ್ಸ್‌ನಲ್ಲಿ ನೆಲೆಸಿದ್ದಾಗ ಶ್ವಾಸನಾಳದ ಸೋಂಕಿನಿಂದ ರೋಗ ಉಲ್ಬಣಿಸಿ ಸಾವಿನಂಚಿಗೆ ತಲುಪಿದ್ದರು. ಇನ್ಸುಲಿನ್ ಬಂದಿದೆಯೆಂಬ ಸುದ್ದಿ ಕೇಳಿ 1923ರ ಮೇ ತಿಂಗಳಲ್ಲಿ ಲಂಡನ್ನಿಗೆ ಮರಳಿ ಬದುಕಿಕೊಂಡರು. 1934ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ಅವರೊಡನೆ ಮಧುಮೇಹಿಗಳ ಸಂಘವನ್ನು ಸ್ಥಾಪಿಸಿದರು.

ಸೋಂಕು ಈ ಸ್ಥಿತಿಯನ್ನು ಏಕೆ ತರುತ್ತದೆಂಬುದಕ್ಕೆ ಮುಂದಿನ ದಶಕಗಳ ಸಂಶೋಧನೆ ಉತ್ತರ ಕೊಟ್ಟಿತು. ಜ್ವರ, ಗಾಯ, ಹೃದಯಾಘಾತ ಮುಂತಾದ ಸಂಕಟಗಳಲ್ಲಿ ಶರೀರವು ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಎಂಬ ಹಾರ್ಮೋನುಗಳನ್ನು ಹೆಚ್ಚಾಗಿ ಸ್ರವಿಸುತ್ತದೆ. ಇವು ಇನ್ಸುಲಿನ್ನಿನ ಕೆಲಸಕ್ಕೆ ವಿರುದ್ಧವಾಗಿ ವರ್ತಿಸುತ್ತವೆ. ಆದ್ದರಿಂದ ಕಾಯಿಲೆಯ ದಿನ ರೋಗಿ ಏನೂ ತಿನ್ನದಿದ್ದರೂ ಅವನಿಗೆ ಬೇಕಾಗುವ ಇನ್ಸುಲಿನ್ ಕಡಿಮೆಯಾಗುವುದಿಲ್ಲ. ಎಷ್ಟೋ ವೇಳೆ ಹೆಚ್ಚಾಗುತ್ತದೆ. ಮನೆಯವರ ಸಾಮಾನ್ಯ ತರ್ಕ ಇದಕ್ಕೆ ತದ್ವಿರುದ್ಧವಾದುದು. ಊಟವಿಲ್ಲದ ಮೇಲೆ ಚುಚ್ಚುಮದ್ದು ಏತಕ್ಕೆ ಎಂದು ಅವರು ಅದನ್ನು ನಿಲ್ಲಿಸುತ್ತಾರೆ. ಸೋಂಕು ಮತ್ತು ಇನ್ಸುಲಿನ್ ನಿಲುಗಡೆ ಎಂಬ ಎರಡು ನಿಮಿತ್ತಗಳು ಹೀಗೆ ಒಂದೇ ಮನೆಯಲ್ಲಿ ಒಂದೇ ದಿನ ಕೂಡುತ್ತವೆ. ಕಾಯಿಲೆಯ ದಿನದಲ್ಲಿಯೂ ಇನ್ಸುಲಿನ್ ತಪ್ಪಿಸಬಾರದೆಂದು ರೋಗಿಗಳಿಗೆ ಕಲಿಸುವುದನ್ನು ಜಾಸ್ಲಿನ್ ತಮ್ಮ ಚಿಕಿತ್ಸೆಯ ಮುಖ್ಯ ಅಂಗವಾಗಿ ಮಾಡಿಕೊಂಡರು.

ಇನ್ಸುಲಿನ್ ಬಂದ ಮೇಲೆ ನಿಮಿತ್ತದ ಅರ್ಥವೇ ಬದಲಾಯಿತು. ಮೊದಲು ಮೂರ್ಛೆಯು ರೋಗದ ಸಹಜ ಕೊನೆಯಾಗಿತ್ತು. 1922ರ ನಂತರ ಅದು ತಡೆಯಬಹುದಾದ ಘಟನೆಯಾಯಿತು. ಬಹುಪಾಲು ದಾಖಲಾತಿಗಳ ಹಿಂದೆ ರೋಗವನ್ನು ಗುರುತಿಸುವಲ್ಲಿ ಆದ ವಿಳಂಬ, ತಪ್ಪಿದ ಇನ್ಸುಲಿನ್, ಹೊಸ ಕಾಯಿಲೆಯ ಆಘಾತ ಇವುಗಳಲ್ಲಿ ಒಂದಾದರೂ ಇರುತ್ತದೆ.

ಚಿಕಿತ್ಸೆಯ ಪರಿಷ್ಕಾರ

ಆಸ್ಪತ್ರೆಯ ಒಳಗಿನ ಪ್ರಗತಿ ಸ್ಥಿರವಾಗಿ ಸಾಗಿತು. ಆರಂಭದಲ್ಲಿ ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆ ಇಳಿದರೂ ಕೆಲವು ರೋಗಿಗಳು ಸ್ನಾಯುದೌರ್ಬಲ್ಯದಿಂದ ಉಸಿರಾಡಲಾರದೆ ಸಾಯುತ್ತಿದ್ದರು. ಚಿಕಿತ್ಸೆಯ ಕಾಲದಲ್ಲಿ ರಕ್ತದ ಪೊಟ್ಯಾಸಿಯಂ ಅಪಾಯಕರವಾಗಿ ಕುಸಿಯುವುದನ್ನು 1946ರಲ್ಲಿ ಹಾಲರ್ ಅಮೆರಿಕದ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದರು. ಅಂದಿನಿಂದ ಪೊಟ್ಯಾಸಿಯಂ ಪೂರೈಕೆ ಚಿಕಿತ್ಸೆಯ ಅನಿವಾರ್ಯ ಅಂಗವಾಯಿತು.

ಇನ್ಸುಲಿನ್ನಿನ ಪ್ರಮಾಣದ ವಿಷಯದಲ್ಲಿ ಬಹುಕಾಲ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ಭಾವನೆಯಿತ್ತು. ಮೂರ್ಛೆಹೋದ ರೋಗಿಗೆ ನೂರಾರು ಯೂನಿಟ್ ಚುಚ್ಚುವುದು ವಾಡಿಕೆಯಾಗಿತ್ತು. 1973ರಲ್ಲಿ ಇಂಗ್ಲೆಂಡಿನ ಆಲ್ಬರ್ಟಿ ಮತ್ತು ಸಂಗಡಿಗರು ಗಂಟೆಗೊಮ್ಮೆ ಅಲ್ಪ ಪ್ರಮಾಣವನ್ನು ಸ್ನಾಯುವಿಗೆ ಚುಚ್ಚಿದರೂ ಅಷ್ಟೇ ಫಲ ದೊರೆಯುತ್ತದೆಂದು ತೋರಿಸಿದರು. ಅಮೆರಿಕದ ಮೆಂಫಿಸ್‌ನಲ್ಲಿ ಅಬ್ಬಾಸ್ ಕಿಟಾಬ್ಚಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ತುಲನಾತ್ಮಕ ಅಧ್ಯಯನ ಇದನ್ನು ದೃಢಪಡಿಸಿತು. ನೀರು ಮತ್ತು ಉಪ್ಪಿನ ಪೂರೈಕೆ, ಅಲ್ಪ ಪ್ರಮಾಣದ ಇನ್ಸುಲಿನ್, ಪೊಟ್ಯಾಸಿಯಂ, ನಿಮಿತ್ತದ ಶೋಧ ಈ ನಾಲ್ಕು ಅಂಗಗಳ ಚಿಕಿತ್ಸೆ ಅಂದಿನಿಂದ ಎಲ್ಲೆಡೆ ರೂಢಿಯಾಯಿತು.

ಇದರ ಫಲವನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರವು 2018ರಲ್ಲಿ ಪ್ರಕಟಿಸಿದ ಅಂಕಿಅಂಶಗಳಲ್ಲಿ ಕಾಣಬಹುದು. ಕೀಟೋಅಸಿಡೋಸಿಸ್‌ನಿಂದ ದಾಖಲಾದವರಲ್ಲಿ ಆಸ್ಪತ್ರೆಯಲ್ಲಿಯೇ ಮೃತಪಟ್ಟವರ ಪ್ರಮಾಣ 2000ದಲ್ಲಿ ಶೇ. 1.1 ಇದ್ದುದು 2014ರ ವೇಳೆಗೆ ಶೇ. 0.4ಕ್ಕೆ ಇಳಿದಿತ್ತು. ಆದರೆ ಅದೇ ವರದಿಯ ಇನ್ನೊಂದು ಅಂಶ ಬೇರೆಯದನ್ನೇ ಹೇಳುತ್ತದೆ. ಸಾವಿರ ಮಧುಮೇಹಿಗಳಲ್ಲಿ ಈ ಕಾರಣದಿಂದ ಆಗುವ ದಾಖಲಾತಿ 2009ರಲ್ಲಿ 19.5 ಇದ್ದುದು 2014ರಲ್ಲಿ 30.2ಕ್ಕೆ ಏರಿತ್ತು. ಒಳಗೆ ಬಂದವರನ್ನು ಉಳಿಸುವ ವಿದ್ಯೆ ಬೆಳೆಯುತ್ತಿದ್ದ ಕಾಲದಲ್ಲಿಯೇ ಒಳಗೆ ಬರುವವರ ಸಂಖ್ಯೆಯೂ ಬೆಳೆಯಿತು. ಪೀಠಿಕೆಯಲ್ಲಿ ಸೂಚಿಸಿದ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ತಪ್ಪಿದ ಇನ್ಸುಲಿನ್

ದಾಖಲಾತಿಯ ಕಾರಣವನ್ನು ದಾಖಲೆಗಳಲ್ಲಿ ‘ಚಿಕಿತ್ಸೆಗೆ ವಿಧೇಯರಾಗದಿರುವುದು’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ರೂಢಿ ಬಹುಕಾಲವಿತ್ತು. ಈ ಮಾತು ದೋಷವನ್ನು ರೋಗಿಯ ಮೇಲೆ ಹೊರಿಸುತ್ತದೆ, ವಿವರವನ್ನು ಮರೆಮಾಡುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದ ಅಧ್ಯಯನಗಳು ಈ ಮುಸುಕನ್ನು ಸರಿಸಿದವು. ಸ್ಕಾಟ್ಲೆಂಡಿನ ಟೇಸೈಡ್ ಪ್ರಾಂತದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ಸುಲಿನ್ ಅವಲಂಬಿಸಿದ 89 ಮಂದಿ ಎಳೆಯರಿಗೆ ವೈದ್ಯರು ವಿಧಿಸಿದ ಇನ್ಸುಲಿನ್ನಿನ ಪ್ರಮಾಣವನ್ನು ಅವರು ಔಷಧದಂಗಡಿಯಿಂದ ವಾಸ್ತವವಾಗಿ ಪಡೆದ ಪ್ರಮಾಣದೊಡನೆ ಹೋಲಿಸಿತು. ಅವರಲ್ಲಿ ಶೇ. 28ರಷ್ಟು ಮಂದಿ ವಿಧಿಸಿದ್ದಕ್ಕಿಂತ ಕಡಿಮೆ ಇನ್ಸುಲಿನ್ ಪಡೆದಿದ್ದರು. ಕೊರತೆ ಹೆಚ್ಚಿದ್ದವರಲ್ಲಿಯೇ ಕೀಟೋಅಸಿಡೋಸಿಸ್ ದಾಖಲಾತಿಯೂ ಹೆಚ್ಚಾಗಿತ್ತು. ಇನ್ಸುಲಿನ್ ಧಾರಾಳವಾಗಿ ದೊರೆಯುವ ನಾಡಿನ ಸ್ಥಿತಿ ಇದು. ಹರೆಯದ ಒತ್ತಡ, ದಪ್ಪವಾಗುವ ಭಯ, ಖಿನ್ನತೆ, ದಿನವೂ ಚುಚ್ಚಿಕೊಳ್ಳುವುದರಿಂದ ಹುಟ್ಟುವ ಬೇಸರ ಮುಂತಾದವು ಇಲ್ಲಿ ಕೆಲಸ ಮಾಡುತ್ತವೆ.

ಬೇರೆಡೆ ಕಾರಣ ನೇರವಾಗಿ ಆರ್ಥಿಕವಾದುದು. ಅಟ್ಲಾಂಟಾ ನಗರದ ಕಪ್ಪು ಜನಾಂಗದ ರೋಗಿಗಳನ್ನು ಕುರಿತು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್ಸುಲಿನ್ ನಿಂತುಹೋದದ್ದೇ ಪ್ರಧಾನ ನಿಮಿತ್ತವಾಗಿ ಕಂಡಿತು. ಯೇಲ್ ವಿಶ್ವವಿದ್ಯಾಲಯದ ಮಧುಮೇಹ ಕೇಂದ್ರದ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಬೆಲೆಯ ಕಾರಣದಿಂದ ಇನ್ಸುಲಿನ್ನನ್ನು ಕಡಿಮೆ ಬಳಸುತ್ತಿದ್ದರೆಂದು 2018ರ ಕೊನೆಯಲ್ಲಿ ಪ್ರಕಟವಾದ ವರದಿ ತಿಳಿಸಿತು. 1923ರಲ್ಲಿ ಇನ್ಸುಲಿನ್ ಶೋಧಕರು ತಮ್ಮ ಹಕ್ಕುಸ್ವಾಮ್ಯವನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಲಾಸ್ ಏಂಜಲೀಸ್‌ನ ಸಾರ್ವಜನಿಕ ಆಸ್ಪತ್ರೆಯೊಂದರ ಪ್ರಯೋಗವು ಇದಕ್ಕೆ ಪರಿಹಾರದ ದಿಕ್ಕನ್ನು ತೋರಿಸಿತ್ತು. ಅಲ್ಲಿನ ವೈದ್ಯರಾದ ಮಿಲ್ಲರ್ ಮತ್ತು ಗೋಲ್ಡ್‌ಸ್ಟೀನ್ 1972ರಲ್ಲಿ ಪ್ರಕಟಿಸಿದ ವರದಿಯಂತೆ, ಕಾಯಿಲೆಯಾದಾಗ ಅಥವಾ ಔಷಧ ಮುಗಿದಾಗ ರೋಗಿಗಳು ದೂರವಾಣಿಯ ಮೂಲಕ ಸಲಹೆ ಪಡೆಯುವ ವ್ಯವಸ್ಥೆ ಮತ್ತು ಸುಲಭವಾಗಿ ತಲುಪಬಹುದಾದ ಚಿಕಿತ್ಸಾಲಯ ಏರ್ಪಟ್ಟ ಮೇಲೆ ಮಧುಮೇಹದ ಮೂರ್ಛೆಯ ಪ್ರಕರಣಗಳು ಸುಮಾರು ಮೂರನೆಯ ಎರಡು ಭಾಗದಷ್ಟು ಇಳಿದವು. ಅಲ್ಲಿ ಬಳಕೆಯಾದುದು ಹೊಸ ಔಷಧವಲ್ಲ, ಒಂದು ದೂರವಾಣಿ.

ತಡವಾದ ಗುರುತಿಸುವಿಕೆ

ಮಕ್ಕಳಲ್ಲಿ ಮಧುಮೇಹದ ಮೊದಲ ಪರಿಚಯವೇ ಎಷ್ಟೋ ವೇಳೆ ಕೀಟೋಅಸಿಡೋಸಿಸ್ ರೂಪದಲ್ಲಾಗುತ್ತದೆ. ಮಗು ಹೆಚ್ಚು ನೀರು ಕುಡಿಯುವುದು, ತೂಕ ಕಳೆದುಕೊಳ್ಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು ಮೊದಲ ಸೂಚನೆಗಳು. ಹೊಟ್ಟೆನೋವು, ವಾಂತಿಗಳನ್ನು ಅಜೀರ್ಣವೆಂದೂ ವೇಗದ ಉಸಿರನ್ನು ನ್ಯುಮೋನಿಯಾ ಎಂದೂ ಬಗೆದು ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ.

ಇಟಲಿಯ ಪಾರ್ಮಾ ಪ್ರಾಂತದಲ್ಲಿ 1991ರಿಂದ ಶಾಲೆಗಳಲ್ಲಿಯೂ ಮಕ್ಕಳ ವೈದ್ಯರ ಚಿಕಿತ್ಸಾಲಯಗಳಲ್ಲಿಯೂ ಈ ಲಕ್ಷಣಗಳನ್ನು ತಿಳಿಸುವ ಭಿತ್ತಿಪತ್ರಗಳನ್ನು ಅಂಟಿಸಲಾಯಿತು. ವೈದ್ಯರಿಗೆ ರಕ್ತ ಮತ್ತು ಮೂತ್ರದ ಸಕ್ಕರೆ ಅಳೆಯುವ ಸಾಧನಗಳನ್ನು ಕೊಡಲಾಯಿತು. ವನೆಲ್ಲಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ರೋಗ ಪತ್ತೆಯಾಗುವ ವೇಳೆಗೆ ಕೀಟೋಅಸಿಡೋಸಿಸ್ ಸ್ಥಿತಿಯಲ್ಲಿದ್ದ ಮಕ್ಕಳ ಪ್ರಮಾಣ ಆಂದೋಲನಕ್ಕೆ ಮುನ್ನ ಶೇ. 78 ಇದ್ದುದು ನಂತರದ ವರ್ಷಗಳಲ್ಲಿ ಶೇ. 12.5ಕ್ಕೆ ಇಳಿಯಿತು.

ಇದರ ವಿಲೋಮ ನಿದರ್ಶನ 2020ರಲ್ಲಿ ಕಂಡಿತು. ಕೊರೊನಾ ಸಾಂಕ್ರಾಮಿಕದ ಮೊದಲ ಅಲೆಯಲ್ಲಿ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ, ಜರ್ಮನಿಯಲ್ಲಿ ಹೊಸದಾಗಿ ಒಂದನೆಯ ವಿಧದ ಮಧುಮೇಹ ಪತ್ತೆಯಾದ 532 ಮಕ್ಕಳು ಮತ್ತು ಹರೆಯದವರಲ್ಲಿ ಶೇ. 44.7ರಷ್ಟು ಮಂದಿ ಕೀಟೋಅಸಿಡೋಸಿಸ್‌ಗೆ ತುತ್ತಾಗಿದ್ದರು. ಹಿಂದಿನ ವರ್ಷದ ಅದೇ ಅವಧಿಯಲ್ಲಿ ಈ ಪ್ರಮಾಣ ಶೇ. 24.5 ಆಗಿತ್ತು. ಆಸ್ಪತ್ರೆಗೆ ಹೋಗುವ ಭಯ ಮತ್ತು ವೈದ್ಯರ ಭೇಟಿಯಲ್ಲಾದ ವಿಳಂಬ ಈ ಏರಿಕೆಗೆ ಸಂಭಾವ್ಯ ಕಾರಣಗಳೆಂದು ಅಧ್ಯಯನಕಾರರು ಸೂಚಿಸಿದರು. ಭಿತ್ತಿಪತ್ರವೊಂದು ಇಳಿಸಿದ ಸಂಖ್ಯೆಯನ್ನು ಭಯವು ಏರಿಸಬಲ್ಲದೆಂಬುದನ್ನು ಈ ಎರಡು ನಿದರ್ಶನಗಳು ಒಟ್ಟಾಗಿ ತಿಳಿಸುತ್ತವೆ.

ಭಾರತದ ಸಂದರ್ಭ

ಭಾರತದ ವೈದ್ಯರು ಈ ಚರಿತ್ರೆಗೆ ಒಂದು ವಿಶಿಷ್ಟ ಪ್ರಶ್ನೆಯನ್ನು ಸೇರಿಸಿದ್ದಾರೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಒಡಿಶಾ, ಕೇರಳ ಮುಂತಾದೆಡೆ ಕೃಶಕಾಯದ, ಬಡತನದಲ್ಲಿ ಬೆಳೆದ ಎಳೆಯ ಮಧುಮೇಹಿಗಳು ಕಂಡುಬಂದರು. ಅವರ ರಕ್ತದಲ್ಲಿ ಸಕ್ಕರೆ ಅತಿಯಾಗಿದ್ದು ಇನ್ಸುಲಿನ್ ಬೇಕಾಗುತ್ತಿದ್ದರೂ ಕೀಟೋಅಸಿಡೋಸಿಸ್ ವಿರಳವಾಗಿತ್ತು. ಕೇರಳದ ಪಿ. ಜೆ. ಗೀವರ್ಗೀಸ್ ಮೇದೋಜೀರಕದಲ್ಲಿ ಕಲ್ಲುಗಟ್ಟುವ ಬಗೆಯ ಮಧುಮೇಹವನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹವನ್ನು ಪ್ರತ್ಯೇಕ ವರ್ಗವಾಗಿ ಮನ್ನಿಸಿ, 1999ರ ವರ್ಗೀಕರಣದಲ್ಲಿ ಅದನ್ನು ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಅದನ್ನು ಐದನೆಯ ವಿಧವೆಂದು ಮತ್ತೆ ಅಂಗೀಕರಿಸಿತು. ಇದಕ್ಕೆ ಎದುರಾಗಿ, ಎರಡನೆಯ ವಿಧದ ಮಧುಮೇಹವೆಂದು ಎಣಿಸಬಹುದಾದ ವಯಸ್ಕರಲ್ಲಿಯೂ ಕೀಟೋಅಸಿಡೋಸಿಸ್ ಬರಬಹುದೆಂಬುದು 1994ರಲ್ಲಿ ನ್ಯೂಯಾರ್ಕಿನ ಫ್ಲಾಟ್‌ಬುಷ್ ಬಡಾವಣೆಯ ರೋಗಿಗಳ ಅಧ್ಯಯನದಿಂದ ತಿಳಿಯಿತು. ಯಾವ ದೇಹಕ್ಕೆ ಯಾವ ನಿಮಿತ್ತ ಎಷ್ಟು ಅಪಾಯಕರವೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ಈ ದೊಡ್ಡ ಸಮುದಾಯದಲ್ಲಿ ಕೀಟೋಅಸಿಡೋಸಿಸ್ ತರುವ ನಿಮಿತ್ತಗಳಲ್ಲಿ ಕೆಲವು ಸ್ಥಳೀಯ ಸ್ವರೂಪದವು. ಇಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್ ಸಾಂದ್ರತೆಯಲ್ಲಿಯೂ ಪೆನ್ನಿನ ಇನ್ಸುಲಿನ್ 100 ಯೂನಿಟ್ ಸಾಂದ್ರತೆಯಲ್ಲಿಯೂ ದೊರೆಯುತ್ತದೆ. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 40ರ ಗೆರೆಯವರೆಗೆ ಎಳೆದುಕೊಂಡವನಿಗೆ ವಾಸ್ತವವಾಗಿ ಸಿಗುವುದು 16 ಯೂನಿಟ್ ಮಾತ್ರ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂತಹ ಕಡೆ ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಕ್ರಮೇಣ ಶಕ್ತಿ ಕಳೆದುಕೊಂಡರೆ ಹೊರನೋಟಕ್ಕೆ ಅದು ತಿಳಿಯುವುದಿಲ್ಲ. ನೀರು ತುಂಬಿದ ಮಣ್ಣಿನ ಮಡಕೆಯ ತಂಪಿನಲ್ಲಿ ಸೀಸೆಯನ್ನು ಕಾಪಾಡುವ ಉಪಾಯ ಇಂತಹ ಅನುಭವದಿಂದಲೇ ರೂಢಿಗೆ ಬಂದುದು. ಉಪವಾಸ, ಜಾತ್ರೆ, ದೂರದ ಪ್ರಯಾಣ, ಬೇರು ಬೊಡ್ಡೆಯ ಔಷಧದ ಮೇಲಿನ ನಂಬಿಕೆ ಇವು ಚುಚ್ಚುಮದ್ದು ತಪ್ಪಲು ಕಾರಣವಾಗುವ ಇತರ ಸಂದರ್ಭಗಳು.

ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಯೀಸ್ಟ್ ಕಣಗಳ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದದ್ದು ಕರ್ನಾಟಕದ ಮಟ್ಟಿಗೆ ಉಲ್ಲೇಖಾರ್ಹ. ಆದರೆ ತಯಾರಿಕೆಯ ಸ್ಥಳಕ್ಕೂ ತಾಲ್ಲೂಕಿನ ಮನೆಗೂ ನಡುವಿನ ದೂರ ಬೇರೆಯೇ ಆದ ಸಮಸ್ಯೆ.

2021ರಲ್ಲಿ ಕೊರೊನಾದ ಎರಡನೆಯ ಅಲೆಯ ಬೆನ್ನಿಗೇ ದೇಶದಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಿತು. ಅದನ್ನು ಅಧಿಸೂಚಿತ ರೋಗವೆಂದು ಘೋಷಿಸುವಂತೆ ಕೇಂದ್ರ ಸರ್ಕಾರವು ಮೇ ತಿಂಗಳಲ್ಲಿ ರಾಜ್ಯಗಳಿಗೆ ಸೂಚಿಸಿತು. ಕೀಟೋಅಸಿಡೋಸಿಸ್‌ಗೂ ಈ ಶಿಲೀಂಧ್ರಕ್ಕೂ ಇರುವ ನಂಟು ವೈದ್ಯರಿಗೆ ಬಹುಕಾಲದಿಂದ ತಿಳಿದಿದ್ದುದು. ರಕ್ತ ಆಮ್ಲೀಯವಾದಾಗ ಪ್ರೋಟೀನುಗಳಿಗೆ ಅಂಟಿದ ಕಬ್ಬಿಣ ಬಿಡುಗಡೆಯಾಗಿ ಶಿಲೀಂಧ್ರದ ಬೆಳವಣಿಗೆಗೆ ಒದಗುತ್ತದೆ. ಕೊರೊನಾ ಚಿಕಿತ್ಸೆಯ ಸ್ಟಿರಾಯ್ಡುಗಳು ಸಕ್ಕರೆಯನ್ನು ಮತ್ತಷ್ಟು ಏರಿಸಿದವು. ಸೋಂಕು ಮೂರ್ಛೆಯನ್ನು ತರುವುದು ಹಳೆಯ ಅನುಭವ. ಅದೇ ಸ್ಥಿತಿ ಹೊಸ ಸೋಂಕಿಗೆ ಬಾಗಿಲು ತೆರೆಯಬಹುದೆಂಬುದು ಅಂದು ಸಾರ್ವಜನಿಕ ಅನುಭವವಾಯಿತು.

ಔಷಧವೇ ನಿಮಿತ್ತವಾಗುವ ಅಪರೂಪದ ಪ್ರಸಂಗವೂ ಈ ಕಾಲದ್ದೇ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಎಸ್‌ಜಿಎಲ್‌ಟಿ2 ವರ್ಗದ ಮಾತ್ರೆಗಳನ್ನು ಸೇವಿಸುವ ಕೆಲವರಲ್ಲಿ ಕೀಟೋಅಸಿಡೋಸಿಸ್ ಉಂಟಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2015ರ ಮೇ ತಿಂಗಳಲ್ಲಿ ಎಚ್ಚರಿಸಿದರು. ಇಂತಹವರಲ್ಲಿ ರಕ್ತದ ಸಕ್ಕರೆ ಅಷ್ಟಾಗಿ ಏರಿರುವುದಿಲ್ಲವಾದ್ದರಿಂದ ರೋಗ ಕಣ್ತಪ್ಪುವ ಸಂಭವ ಹೆಚ್ಚು. ಈ ಅನುಭವದ ಹಿನ್ನೆಲೆಯಲ್ಲಿ 2024ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ವರದಿಯು ನಿರ್ಣಯದ ಮಾನದಂಡವನ್ನು ಪರಿಷ್ಕರಿಸಿತು. ಅದರಂತೆ ಸಕ್ಕರೆಯ ಮಟ್ಟ 200 ಮಿಲಿಗ್ರಾಂ ಮುಟ್ಟಿರಬೇಕು ಅಥವಾ ರೋಗಿಗೆ ಮೊದಲೇ ಮಧುಮೇಹವಿದ್ದಿರಬೇಕು. ಭಾರತದಲ್ಲಿ ಈ ವರ್ಗದ ಡಪಾಗ್ಲಿಫ್ಲೋಜಿನ್ ಮಾತ್ರೆಯ ಹಕ್ಕುಸ್ವಾಮ್ಯದ ಅವಧಿ 2020ರಲ್ಲಿ ಮುಗಿದು ಅಗ್ಗದ ರೂಪಗಳು ಬಂದ ಮೇಲೆ ಅದರ ಬಳಕೆ ಹೆಚ್ಚಿತು. ಹೃದಯ ಮತ್ತು ಮೂತ್ರಪಿಂಡಗಳಿಗೆ ಇವುಗಳಿಂದ ಆಗುವ ಉಪಕಾರ ನಿಜವಾದುದು. ಕಾಯಿಲೆಯ ದಿನ, ಉಪವಾಸದ ದಿನ ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ಇವನ್ನು ನಿಲ್ಲಿಸಬೇಕೆಂಬ ತಿಳಿವಳಿಕೆ ಮಾತ್ರೆಯೊಡನೆಯೇ ರೋಗಿಗೆ ತಲುಪಬೇಕಾಗಿದೆ. ಇನ್ಸುಲಿನ್ ನಿಲ್ಲಿಸಬಾರದು, ಈ ಮಾತ್ರೆ ನಿಲ್ಲಿಸಬೇಕು ಎಂಬ ಎರಡು ಸೂಚನೆಗಳು ಒಂದೇ ಮನೆಯಲ್ಲಿ ಅದಲುಬದಲಾಗುವ ಅಪಾಯವೂ ಇದೆ.

ಉಪಸಂಹಾರ

1857ರಿಂದ 1889ರವರೆಗೆ ರೋಗದ ಸ್ವರೂಪ, 1922ರಿಂದ 1976ರವರೆಗೆ ಚಿಕಿತ್ಸೆಯ ವಿಧಾನ ಸಿದ್ಧವಾದುವು. ಇವೆರಡೂ ಪ್ರಯೋಗಶಾಲೆ ಮತ್ತು ವಾರ್ಡುಗಳ ಸಾಧನೆಗಳು. ದಾಖಲಾತಿಯನ್ನೇ ಇಳಿಸಿದ ಸಾಧನೆಗಳಾದರೋ ದೂರವಾಣಿ, ಭಿತ್ತಿಪತ್ರ, ಔಷಧದ ನಿರಂತರ ಪೂರೈಕೆ, ಕಾಯಿಲೆಯ ದಿನದ ತಿಳಿವಳಿಕೆ ಮುಂತಾದ ಸಾಮಾನ್ಯ ಸಾಧನಗಳಿಂದ ಆದವು. ಇವುಗಳಿಗೆ ವೈದ್ಯಚರಿತ್ರೆಯಲ್ಲಿ ಸಂದಿರುವ ಸ್ಥಾನ ಅಲ್ಪ.

ಈ ದೃಷ್ಟಿಯಿಂದ ಆಸ್ಪತ್ರೆಯ ದಾಖಲೆ ಪುಸ್ತಕವು ಸಾಮಾಜಿಕ ಚರಿತ್ರೆಯ ಮಹತ್ವದ ಆಕರವಾಗುತ್ತದೆ. ರೋಗದ ಹೆಸರನ್ನು ಮಾತ್ರ ಬರೆದ ದಾಖಲೆ ಚರಿತ್ರಕಾರನಿಗೆ ಒಂದು ಸಂಖ್ಯೆಯನ್ನು ಕೊಡುತ್ತದೆ. ಇನ್ಸುಲಿನ್ ಎಂದು ನಿಂತಿತು, ಏಕೆ ನಿಂತಿತು, ಜ್ವರ ಎಂದು ಬಂತು, ಮೊದಲ ವೈದ್ಯರು ಏನೆಂದು ಬಗೆದರು ಎಂಬ ನಾಲ್ಕು ಸಾಲುಗಳನ್ನು ಉಳಿಸಿಕೊಂಡ ದಾಖಲೆ ಒಂದು ಮನೆಯ, ಒಂದು ಊರಿನ ಸ್ಥಿತಿಯನ್ನು ತಿಳಿಸುತ್ತದೆ. ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳ ಮತ್ತು ವೈದ್ಯಕೀಯ ಕಾಲೇಜುಗಳ ಹಳೆಯ ದಾಖಲೆಗಳನ್ನು ರೋಗಿಗಳ ಗೋಪ್ಯತೆಗೆ ಭಂಗ ಬಾರದಂತೆ ಸಂರಕ್ಷಿಸಿ, ಈ ಬಗೆಯ ವಿಚಾರಣೆಗೆ ಒಳಪಡಿಸುವುದು ಚರಿತ್ರೆ ಮತ್ತು ವೈದ್ಯ ಎರಡೂ ಶಾಸ್ತ್ರಗಳಿಗೆ ಉಪಯುಕ್ತವಾದ ಕಾರ್ಯ. ಒಂದು ದಾಖಲಾತಿಯ ಕಾರಣ ಸರಿಯಾಗಿ ತಿಳಿದರೆ ಮುಂದಿನ ದಾಖಲಾತಿಯೊಂದನ್ನು ತಪ್ಪಿಸಲು ಸಾಧ್ಯವೆಂಬುದನ್ನು ಪಾರ್ಮಾ ಮತ್ತು ಲಾಸ್ ಏಂಜಲೀಸ್‌ಗಳ ಅನುಭವ ತೋರಿಸಿಕೊಟ್ಟಿದೆ.